ಗೋಧಿ ಬಣ್ಣದ ರಾಜ್ಯ

ಕಾರಿನ ಕಿಟಕಿಯ ಮೇಲಿದ್ದ ಕೈ ಒಳಕ್ಕೆ ಸರಿಯಿತು. ರಸ್ ಮ್ಯಾಡಿಗನ್ ಸೊಂಟದ ಪಿಸ್ತೂಲಿನ ಪಟ್ಟಿ ಬಿಚ್ಚಿದ. ಕೈ ಸ್ಟೀರಿಂಗ್ ಮೇಲಿರಲಿ ಎಂದು ಕೂಗಿದ್ದೂ ಬಾಗಿಲನ್ನು ಎಳೆದು ತೆಗೆದದ್ದೂ ಒಂದೇ ಉಸಿರಿನಲ್ಲಿ. ಒಳಗಿದ್ದ ಯುವಕ ಲೈಸೆನ್ಸ್ ತೆಗೆಯಲು ಎದುರಿನ ಖಾನೆಯ ಕಡೆಗೆ ಬಾಗಿದ್ದ. ಅವನ ಕೈ ಗೋಧಿ ಬಣ್ಣದ್ದು, ಕೊರಳು ಗೋಧಿ ಬಣ್ಣದ್ದು. ಆ ಕೊರಳನ್ನು ಹಿಡಿದು ಹೊರಗೆಳೆದ ಮ್ಯಾಡಿಗನ್ನನ ಕೈಯೂ ಗೋಧಿ ಬಣ್ಣದ್ದೇ. ಎಳೆದಾಟದಲ್ಲಿ ಒಂದು ಮೊಣಕೈ ಮೇಲೆದ್ದು ದವಡೆಗೆ ಬಡಿಯಿತು. ಆಮೇಲೆ ಕಂಡದ್ದು ಬಿಸಿಲಿಗೆ ಕಾದ ಡಾಂಬರು, ಅದಕ್ಕೆ ಒತ್ತಿ ಹಿಡಿದ ಗೋಧಿ ಬಣ್ಣದ ಒಂದು ಕೆನ್ನೆ.

ಪರದೆ ಆರಿತು.

"ಪೊಲೀಸಿನವನ ಕಣ್ಣಿಗೆ ಕಂಡದ್ದು ಇಷ್ಟೇ ಡಾಕ್ಟರ್," ಎಂದ ಪ್ರೆಸ್ಕಾಟ್ ಹೇಲ್. ಅವನು ಗವರ್ನರ್ ವಿಟ್ಲೋ ಅವರ ಸಲಹೆಗಾರ. "ಇದರಲ್ಲಿ ಕಪ್ಪು ಎಲ್ಲಿದೆ, ಬಿಳಿ ಎಲ್ಲಿದೆ, ತೋರಿಸಿ ನೋಡೋಣ."

ಡಾ. ಆರ್ಡೆಲ್ ಫೆಂಟ್ರೆಸ್ ತೋರಿಸಲಾರಳು. ತೋರದಂತೆ ಮಾಡಿದವಳೇ ಅವಳು.

ಅವಳು ಕಂಡುಹಿಡಿದದ್ದು ಕಣ್ಣಿನೊಳಗೆ ಧರಿಸುವ ಲೆನ್ಸು. ರೆಪ್ಪೆಯ ಬಡಿತದಿಂದಲೇ ಅದು ವಿದ್ಯುತ್ತನ್ನು ಪಡೆಯುತ್ತಿತ್ತು. ಎದುರಿಗಿರುವವರ ಚರ್ಮವನ್ನು ಗುರುತಿಸಿ, ಅದರಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಎಷ್ಟೆಂದು ಅಳೆದು, ಅದರ ಮೇಲೆ ಒಂದೇ ಒಂದು ಬಣ್ಣವನ್ನು ಬಳಿದು ಮಿದುಳಿಗೆ ದಾಟಿಸುತ್ತಿತ್ತು. ಪೊಲೀಸರ ಲೆನ್ಸು ಹಾಗೆ ಕಂಡದ್ದನ್ನು ದಾಖಲಿಸಿಯೂ ಇಡುತ್ತಿತ್ತು. ಪೊಲೀಸರು, ನ್ಯಾಯಾಧೀಶರು, ಕೋರ್ಟಿನಲ್ಲಿ ತೀರ್ಪು ಹೇಳುವ ಪಂಚರು, ಶಿಕ್ಷಕರು, ಅಂಗಡಿಯವರು ಇದನ್ನು ಧರಿಸಲೇಬೇಕೆಂದು ನದಿದಂಡೆಯ ಆ ರಾಜ್ಯ ಕಾಯ್ದೆ ಮಾಡಿ ದಶಕವಾಗುತ್ತ ಬಂದಿತ್ತು, ಉಳಿದವರೂ ತಾವಾಗಿಯೇ ಧರಿಸತೊಡಗಿದ್ದರು. ನೋಡದ ಮೇಲೆ ದ್ವೇಷಿಸುವುದು ಹೇಗೆ? ಶಾಸನಸಭೆಯಲ್ಲಿ ಈ ಪ್ರಶ್ನೆ ಕೇಳಿದ ಸದಸ್ಯರಿಗೆ ಎರಡೂ ಪಕ್ಷದವರು ಎದ್ದುನಿಂತು ಚಪ್ಪಾಳೆ ತಟ್ಟಿದ್ದರು.

ಜಗಳ ಬಂದದ್ದು ಆ ಒಂದೇ ಬಣ್ಣ ಯಾವುದಾಗಬೇಕು ಎಂಬಲ್ಲಿ. ಸಮಿತಿ ನೇಮಕವಾಯಿತು, ಉಪಸಮಿತಿ ನೇಮಕವಾಯಿತು. ಹಸಿರು ಇರಲಿ ಎಂದವನನ್ನು ಹಾಸ್ಯಗಾರನೆಂದು ಹೊರಗೆ ಹಾಕಿದರು. ಎಲ್ಲರಿಗೂ ಸಮಾನ ದೂರದಲ್ಲಿರುವ ಬಣ್ಣವನ್ನು ಹುಡುಕುತ್ತೇವೆಂದು ಹೊರಟವರು ಕೊನೆಗೆ ಒಪ್ಪಿದ ಗೋಧಿ ಬಣ್ಣ, ಸಮಿತಿಯ ಅಧ್ಯಕ್ಷರ ಮಗಳು ಕಡಲತೀರದಲ್ಲಿ ರಜೆ ಕಳೆದು ಬಂದಾಗ ಹೇಗಿದ್ದಳೋ ಹಾಗೆಯೇ ಇತ್ತು. ಬಣ್ಣ ಕಾಣದ ಮೇಲೆ ಬಣ್ಣವನ್ನು ಎಣಿಸುವುದೇಕೆಂದು ಜೈಲು, ಶಾಲೆ, ಆಸ್ಪತ್ರೆಗಳಲ್ಲಿ ಆ ಲೆಕ್ಕವನ್ನೂ ನಿಲ್ಲಿಸಿದರು. ಮರುವರ್ಷವೇ ರಾಜ್ಯದಲ್ಲಿ ವರ್ಣಭೇದದ ಪ್ರಕರಣ ಒಂದೂ ಇಲ್ಲವೆಂದು ಗವರ್ನರ್ ಘೋಷಿಸಿದರು. ಪಟಾಕಿ ಹೊಡೆದರು. ಆರ್ಡೆಲ್ ಆ ದಿನ ವೇದಿಕೆಯ ಮೇಲಿದ್ದಳು, ಅತ್ತಿದ್ದಳು. ಸಂತೋಷಕ್ಕೇ ಅತ್ತಿದ್ದಳು. ಹುಡುಗಿಯಾಗಿದ್ದಾಗ ಅಂಗಡಿಗೆ ಹೋದರೆ ಕಾವಲುಗಾರ ಸಾಲಿನಿಂದ ಸಾಲಿಗೆ ಅವಳ ಹಿಂದೆಯೇ ಬರುತ್ತಿದ್ದ. ಅವಳು ಯಾವ ವಸ್ತುವನ್ನೂ ಮುಟ್ಟದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದಳು. ಆ ಕಾವಲುಗಾರನ ಕಣ್ಣೊಂದನ್ನು ಸರಿಮಾಡಿದರೆ ಸಾಕೆಂದು ಅವಳಿಗೆ ಅನ್ನಿಸಿತ್ತು.

ಈಗ ಹೇಲ್ ಅವಳಿಂದ ಬಯಸಿದ್ದು ಒಂದು ಸಾಕ್ಷ್ಯ. ಮ್ಯಾಡಿಗನ್ನನ ದವಡೆಗೆ ಮೊಣಕೈ ಬಡಿದದ್ದಕ್ಕೆ ಟೆರೆಲ್ ಗೇಡ್ಸನ್ ಎಂಬ ಯುವಕನ ಮೇಲೆ ಪೊಲೀಸರ ಮೇಲಿನ ಹಲ್ಲೆಯ ಆರೋಪವಿತ್ತು. ಸಾಬೀತಾದರೆ ಎಂಟು ವರ್ಷ. ತಾನು ಕಪ್ಪು ಎಂಬ ಕಾರಣಕ್ಕೇ ತನ್ನನ್ನು ತಡೆದರೆಂದು ಅವನು ವಾದ ಹೂಡಿದ್ದ. ಕೋರ್ಟಿನಲ್ಲಿ ಬಣ್ಣದ ಮಾತೆತ್ತಲು ಕಾಯ್ದೆ ಬಿಟ್ಟುಕೊಟ್ಟಿದ್ದ ದಾರಿ ಅದೊಂದೇ. ಆರೋಪಿ ತನ್ನ ರಕ್ಷಣೆಗಾಗಿ ಎತ್ತಬಹುದು, ಬೇರೆ ಯಾರೂ ಎತ್ತುವಂತಿಲ್ಲ. ಲೆನ್ಸಿನಲ್ಲಿ ಬಣ್ಣ ಕಾಣಲು ಸಾಧ್ಯವೇ ಇಲ್ಲ ಎಂದು ಅವಳು ಹೇಳಿಬಿಟ್ಟರೆ ಮುಗಿಯಿತು. ನಿಜವನ್ನೇ ಹೇಳುವುದು ತಾನೇ ಎಂದುಕೊಂಡು ಅವಳು ಒಪ್ಪಿದಳು.

ಕೋರ್ಟಿನ ಹೊರಗಿನ ಬೆಂಚಿನಲ್ಲಿ ಟೆರೆಲ್‌ನ ತಾಯಿ ವರ್ನೆಟ್ಟಾ ಅವಳ ಪಕ್ಕಕ್ಕೇ ಬಂದು ಕುಳಿತಳು. ಜಗಳಕ್ಕೆ ಬಂದಿರಲಿಲ್ಲ. ಕಪ್ಪು ಜನರ ಮನೆಗಳಲ್ಲಿ ಹಿಂದೆಲ್ಲ ಒಂದು ಪಾಠವಿತ್ತು, ಆರ್ಡೆಲ್ ಮನೆಯಲ್ಲೂ ಇತ್ತು. ಮಕ್ಕಳು ಕಾರು ಓಡಿಸುವ ವಯಸ್ಸಿಗೆ ಬಂದಾಗ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಕೈಗೊಂದು ತಟ್ಟೆ ಕೊಟ್ಟು, ಇದೇ ಸ್ಟೀರಿಂಗ್ ಎನ್ನುತ್ತಿದ್ದರು. ಪೊಲೀಸ್ ಬಂದರೆ ಕೈ ಇಲ್ಲಿಂದ ಕದಲಬಾರದು. ಲೈಸೆನ್ಸ್ ಎಲ್ಲಿದೆಯೆಂದು ಮೊದಲು ಬಾಯಲ್ಲಿ ಹೇಳಬೇಕು, ತೆಗೆಯಲೇ ಎಂದು ಕೇಳಬೇಕು, ಅವನು ಹ್ಞೂಂ ಅಂದ ಮೇಲೆ ನಿಧಾನಕ್ಕೆ ತೆಗೆಯಬೇಕು. ಹಿರಿಯ ಮಗನಿಗೆ ವರ್ನೆಟ್ಟಾ ಇದನ್ನೆಲ್ಲ ಕಲಿಸಿದ್ದಳು. ಕಿರಿಯವನಾದ ಟೆರೆಲ್‌ನ ಸರದಿ ಬರುವಷ್ಟರಲ್ಲಿ ಲೆನ್ಸು ಬಂದಿತ್ತು.

"ನಿಮ್ಮನ್ನ ನಂಬಿ ತಟ್ಟೆ ಎತ್ತಿಟ್ಟುಬಿಟ್ಟೆ ಸಿಸ್ಟರ್," ಎಂದಳು. "ಇವನಿಗಾದರೂ ಆ ಹೆದರಿಕೆ ಕಲಿಸೋದು ತಪ್ಪಿತಲ್ಲ ಅಂತ ಚರ್ಚಿನಲ್ಲಿ ಎಲ್ಲರ ಹತ್ರ ಹೇಳಿಕೊಂಡು ತಿರುಗಿದೆ."

ಆರ್ಡೆಲ್ ಎದ್ದು ಕೋರ್ಟಿನೊಳಕ್ಕೆ ನಡೆದಳು.

ಒಳಗೆ ಮ್ಯಾಡಿಗನ್ ಸಾಕ್ಷಿಕಟ್ಟೆ ಏರಿದ್ದ. ನೋಡಿದರೆ ಕೆಟ್ಟವನಲ್ಲ. ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಡುತ್ತಿದ್ದ. ವೇಗ ಮೀರಿರಲಿಲ್ಲ, ದೀಪ ಒಡೆದಿರಲಿಲ್ಲ, ಹಾಗಿದ್ದರೆ ಆ ಕಾರನ್ನೇ ಏಕೆ ನಿಲ್ಲಿಸಿದಿರಿ ಎಂದು ಟೆರೆಲ್‌ನ ವಕೀಲೆ ಕೇಳಿದಾಗ ಅವನು ಸ್ವಲ್ಪ ಯೋಚಿಸಿದ.

"ಕಣ್ಣು ಚುರುಕ್ ಅಂತು ಮೇಡಂ."

ವಕೀಲೆಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ. ಠಾಣೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಕೆಲವರನ್ನು ನೋಡಿದ ಕೂಡಲೇ ಕಣ್ಣು ಚುರುಕ್ ಅನ್ನುತ್ತದೆ, ಅಂಥವರನ್ನು ಬಿಡಬೇಡ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ಅನುಭವಕ್ಕೆ ಬರುವ ವಿದ್ಯೆ ಅದು. ಸುಳ್ಳಾದದ್ದು ಕಡಿಮೆ, ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನ್ಯಾಯಾಧೀಶರು ತಲೆದೂಗಿದರು. ಅವರ ಕಣ್ಣಿಗೂ ಅದು ಹೊಸದಲ್ಲವೇನೋ.

ಆರ್ಡೆಲ್ ಮುಂದಿನ ಪ್ರಶ್ನೆಗೆ ಕಾಯಲಿಲ್ಲ. ಹುಷಾರಿಲ್ಲವೆಂದು ಹೇಳಿ ಸಾಕ್ಷ್ಯವನ್ನು ಮುಂದಕ್ಕೆ ಹಾಕಿಸಿ ನೇರ ಪ್ರಯೋಗಾಲಯಕ್ಕೆ ಹೋದಳು. ಲೆನ್ಸಿಗೆ ಉಷ್ಣಮಾಪಕದ ಎಳೆ ಅಂಟಿಸಿ, ಬೆಳ್ಳಗಿನ ಸಹಾಯಕನೊಬ್ಬನ ತೋಳನ್ನು ಅದರ ಮುಂದೆ ಹಿಡಿಸಿದಳು. ಮುಳ್ಳು ಮಿಸುಕಲಿಲ್ಲ. ತೋಳು ಗೋಧಿ ಬಣ್ಣಕ್ಕೆ ಹತ್ತಿರವೇ ಇತ್ತು, ಲೆನ್ಸಿಗೆ ಹೆಚ್ಚು ಕೆಲಸವಿರಲಿಲ್ಲ. ಆಮೇಲೆ ಅಂಗಿಯ ತೋಳು ಮಡಚಿ ತನ್ನದೇ ಕೈ ಚಾಚಿದಳು. ಮುಳ್ಳು ಮೇಲೇರಿತು. ಚರ್ಮ ಕಪ್ಪಾದಷ್ಟೂ ಅದನ್ನು ಮರೆಸಲು ಲೆನ್ಸು ಹೆಚ್ಚು ದುಡಿಯುತ್ತಿತ್ತು, ದುಡಿದಷ್ಟೂ ಬಿಸಿಯಾಗುತ್ತಿತ್ತು. ತೀರ ಸಣ್ಣ ಬಿಸಿ. ಮನುಷ್ಯನಿಗೆ ಗೊತ್ತಾಗುವಷ್ಟಿಲ್ಲವೆಂದು ಅವಳೇ ಹಿಂದೊಮ್ಮೆ ಬದಿಗೆ ಸರಿಸಿದ್ದು. ಮನುಷ್ಯನಿಗೆ ಗೊತ್ತಾಗಿರಲಿಲ್ಲ, ಅವನ ಕಣ್ಣು ಮಾತ್ರ ಕಲಿತುಕೊಂಡಿತ್ತು. ಬಣ್ಣವನ್ನು ಅಳಿಸಬೇಕಾದರೆ ಯಂತ್ರ ಮೊದಲು ಅದನ್ನು ನೋಡಲೇಬೇಕು. ನೋಡಿದ್ದನ್ನು ಅದು ಗುಟ್ಟಾಗಿ ಇಡುತ್ತದೆಂದು ಅವಳು ನಂಬಿದ್ದಳು.

ಹೇಲ್ ಪೂರ್ತಿ ಕೇಳಿಸಿಕೊಂಡ. ಅವನು ಮೂರ್ಖನಲ್ಲ. ಬಿಸಿಯಾಗದಂತೆ ಮಾಡಬಹುದೇ ಎಂದು ಕೇಳಿದ. ಮಾಡಬಹುದು, ಕೆಲವು ತಿಂಗಳು ಬೇಕು ಎಂದಳು. ಕಾಯ್ದೆಯ ಪ್ರಕಾರ ಅವಳ ಸಂಶೋಧನೆಯೆಲ್ಲ ರಾಜ್ಯದ ಸ್ವತ್ತು, ಹೊರಗೆ ಬಾಯಿಬಿಟ್ಟರೆ ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆ, ಆಗ ಹೊಸ ಲೆನ್ಸೂ ಇಲ್ಲ ಎಂದು ಅವನು ನೆನಪಿಸಿದ. ಟೆರೆಲ್ ವಾದ ಮುಂದುವರಿಸಿದರೆ ಮಾತ್ರ ಅವನ ವಕೀಲೆ ಅವಳನ್ನು ಕಟ್ಟೆಗೆ ಹತ್ತಿಸಿ ಪ್ರಮಾಣದ ಮೇಲೆ ಕೇಳಬಹುದಿತ್ತು. ಚುನಾವಣೆ ಹತ್ತಿರವಿತ್ತು.

"ಹುಡುಗ ಸಣ್ಣ ತಪ್ಪೊಂದನ್ನ ಒಪ್ಪಿಕೊಳ್ಳಲಿ. ರಸ್ತೆಯಲ್ಲಿ ಅಡ್ಡಿ ಮಾಡಿದೆ ಅಂತ," ಎಂದ ಹೇಲ್. "ನನ್ನನ್ನ ತಡೆದದ್ದಕ್ಕೂ ನನ್ನ ಬಣ್ಣಕ್ಕೂ ಸಂಬಂಧವಿಲ್ಲ ಅಂತ ಜಡ್ಜ್ ಮುಂದೆ ಒಂದು ಮಾತು. ಅವತ್ತೇ ಸಂಜೆ ಮನೆ. ನಿಮ್ಮ ಲೆನ್ಸು ಸದ್ದಿಲ್ಲದೆ ಬದಲಾಗುತ್ತೆ, ಗವರ್ನರ್ ಗೆಲ್ತಾರೆ. ಯಾರಿಗೆ ನಷ್ಟ, ಹೇಳಿ?"

ಆ ದೇಶದಲ್ಲಿ ಬಹುತೇಕ ಮೊಕದ್ದಮೆಗಳು ಮುಗಿಯುತ್ತಿದ್ದದ್ದು ಹೀಗೆಯೇ. ವಿಚಾರಣೆ ನಡೆಯುತ್ತಿರಲಿಲ್ಲ, ವ್ಯಾಪಾರ ನಡೆಯುತ್ತಿತ್ತು. ಆರ್ಡೆಲ್ ರಾತ್ರಿಯಿಡೀ ಎದುರು ಮಾತು ಹುಡುಕಿದಳು, ಸಿಗಲಿಲ್ಲ. ಲೆನ್ಸು ಧರಿಸಿದ ಪಂಚರು ಲೆನ್ಸಿನ ತಪ್ಪನ್ನು ನಂಬುವುದುಂಟೇ? ಅವನು ಒಪ್ಪಿದರೆ ಒಬ್ಬ ತಾಯಿಗೆ ಮಗ ಸಿಗುತ್ತಾನೆ. ಒಪ್ಪದಿದ್ದರೆ ಎಂಟು ವರ್ಷ, ಬಹುಶಃ ಏನೂ ಬದಲಾಗದೆ.

ಹಾಗಾಗಿ ಅವಳೇ ಹೇಲ್ ಜೊತೆಗೆ ಜೈಲಿಗೆ ಹೋದಳು. ವರ್ನೆಟ್ಟಾ ಆಗಲೇ ಭೇಟಿಯ ಕೋಣೆಯಲ್ಲಿ ಮಗನ ಎದುರು ಕುಳಿತಿದ್ದಳು. ಟೆರೆಲ್ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವನು. ಭುಜ ಅಗಲ, ಕೆನ್ನೆಯ ಮೇಲೆ ಡಾಂಬರಿನ ಗಾಯ ಮಾಯುತ್ತಿತ್ತು. ಆರ್ಡೆಲ್ ಬಾಗಿಲಲ್ಲೇ ನಿಂತು ತನ್ನ ಲೆನ್ಸುಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಕೋಣೆಯ ಬಣ್ಣಗಳು ಬದಲಾದವು. ಎಷ್ಟೋ ವರ್ಷಗಳ ಮೇಲೆ ಅವಳು ಅಪರಿಚಿತನೊಬ್ಬನನ್ನು ಅವನ ಬಣ್ಣದಲ್ಲಿ ನೋಡುತ್ತಿದ್ದಳು. ಅವಳ ಅಣ್ಣನೂ ಇದೇ ಬಣ್ಣದವನು.

ಅವಳು ಏನನ್ನೂ ಮುಚ್ಚಿಡಲಿಲ್ಲ. ಬಿಸಿಯ ವಿಷಯ, ಮುಳ್ಳು ಏರಿದ್ದು, ಎಲ್ಲ ಹೇಳಿದಳು. ಹೇಲ್ ಕೆಮ್ಮಿದ, ತಡೆಯಲಿಲ್ಲ. ಆಮೇಲೆ, ಒಪ್ಪಿಕೊಂಡುಬಿಡು ಎಂದಳು. ಬರುವ ವರ್ಷದ ಹೊತ್ತಿಗೆ ಯಾರ ಕಣ್ಣೂ ಚುರುಕ್ ಅನ್ನುವುದಿಲ್ಲ, ಅದು ತನ್ನ ಮಾತು ಎಂದಳು.

"ಒಳಗೆ ನಮಗೆ ಲೆನ್ಸ್ ಕೊಡಲ್ಲ ಮೇಡಂ, ಗೊತ್ತಾ?" ಎಂದ ಟೆರೆಲ್. "ಖೈದಿಗಳು ಏನು ನೋಡಿದರೆ ಯಾರಿಗೇನು. ಊಟಕ್ಕೆ ಸಾಲು ನಿಲ್ತೀವಲ್ಲ, ಆ ಸಾಲು ನೋಡಿದೀನಿ, ಹೆಚ್ಚಿನವರು ನಮ್ಮ ಬಣ್ಣದವರೇ. ಈ ರಾಜ್ಯದಲ್ಲಿ ಬಣ್ಣ ಕಾಣೋ ಜಾಗ ಇದೊಂದೇ ಉಳಿದಿರೋದು. ನೀವೂ ಒಂದು ಸಲ ಬಂದು ನೋಡಿ."

"ಅದಕ್ಕೇ ಹೇಳ್ತಿರೋದು, ಸರಿಮಾಡ್ತೀನಿ ಅಂತ."

"ಏನನ್ನ? ಬಿಸೀನ?" ಅವನು ನಕ್ಕ. ವ್ಯಂಗ್ಯವಿರಲಿಲ್ಲ, ಸುಸ್ತಿತ್ತು. "ನಮ್ಮಜ್ಜಿ ಹುಡುಗಿಯಾಗಿದ್ದಾಗ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ಲೆನ್ಸ್ ಇರಲಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇತ್ತಂತೆ. ಬೀದೀಲಿ ಪೊಲೀಸರು ಹೊಡೆದರೆ ಜನ ಹಿಡಿದು ದೇಶಕ್ಕೆಲ್ಲ ತೋರಿಸೋರಂತೆ. ಸಂಜೆ ಊಟ ಮಾಡ್ತಾ ಎಲ್ಲರೂ ನೋಡ್ತಿದ್ದರು. ಸರಿಯಾಗೇ ಕಾಣ್ತಿತ್ತು ಮೇಡಂ, ಬಣ್ಣದ ಸಮೇತ. ನೋಡಿ, ತಟ್ಟೆ ತೊಳೆದಿಟ್ಟು ಮಲಗ್ತಿದ್ದರು. ಅವರ ಕಣ್ಣಿಗೆ ಏನಾಗಿತ್ತು?"

ವರ್ನೆಟ್ಟಾ ಮೇಜಿನ ಮೇಲಿಂದ ಅವನ ಕೈಯನ್ನು ಹಿಡಿದುಕೊಂಡಳು. ಅವಳಿಗೆ ಆ ದಶಕ ಬೇಕಿರಲಿಲ್ಲ, ಮುಂದಿನದೂ ಬೇಕಿರಲಿಲ್ಲ.

"ಮಗಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಮಾತು. ಒಂದೇ ಒಂದು ಸುಳ್ಳು. ದೇವರು ನನ್ನ ಲೆಕ್ಕಕ್ಕೆ ಬರಕೊಳ್ಳಲಿ. ಎಂಟು ವರ್ಷ ನಾನು ಬದುಕಿರ್ತೀನೋ ಇಲ್ಲವೋ."

"ಇರ್ತೀಯಮ್ಮ."

"ಒಪ್ಪಿಕೋ ಕಂದ."

ಅವನು ತಾಯಿಯ ಕೈ ಬಿಡಲಿಲ್ಲ. ಅವಳ ಬೆರಳುಗಳನ್ನು ತನ್ನ ಬೆರಳುಗಳ ನಡುವೆ ಬಿಗಿಯಾಗಿ ಇಟ್ಟುಕೊಂಡೇ ಆರ್ಡೆಲ್ ಕಡೆಗೆ ತಿರುಗಿದ. ಕೋರ್ಟಿನಲ್ಲಿ ಕೇಳಿದರೆ ಇಲ್ಲಿ ಹೇಳಿದ್ದನ್ನೇ ಹೇಳುತ್ತೀರಾ ಎಂದು ಕೇಳಿದ. ಪ್ರಯೋಗಾಲಯ, ಅದರೊಳಗಿನ ಇಪ್ಪತ್ತು ವರ್ಷ, ಹೊಸ ಲೆನ್ಸು, ಎಲ್ಲವೂ ಅವಳ ಮುಖದ ಮೇಲೆ ಹಾದುಹೋದವು. ಅವನು ಕಾದ, ಅವಳು ಬಾಯಿ ತೆರೆಯಲಿಲ್ಲ.

ಹೇಲ್ ಗಡಿಯಾರ ನೋಡಿಕೊಂಡು, ಮಧ್ಯಾಹ್ನ ಜಡ್ಜ್ ಕೂರುತ್ತಾರೆ, ಆಮೇಲೆ ಈ ಅವಕಾಶ ಇರುವುದಿಲ್ಲ ಎಂದ. ಮಾತಿನಲ್ಲಿ ಕರುಣೆಯೇ ಇತ್ತು.

"ಕೊನೇ ಸಲ ಕೇಳ್ತಿದೀನಿ ಟೆರೆಲ್. ಒಪ್ಪಿಗೆಯೇನಪ್ಪ?"

"ಇಲ್ಲ," ಎಂದ ಟೆರೆಲ್.