ಮುಕ್ಕಾಲು ಗಂಟೆಯ ಟೀ

ನಾಲ್ಕು ಗಂಟೆಗೆ ಬರುವ ಗಿರಾಕಿಯೆಂದರೆ ಬಬಲ್ ಟೀ ಅಂಗಡಿಯವಳಿಗೆ ತಲೆನೋವು. ಟೀಗೆ ಹಾಕಲು ಹಿಂದಿನ ಸಲ ಬೇಯಿಸಿದ, ಸಾಬೂದಾನದಂಥ ಕಪ್ಪು ಗುಂಡುಗಳು ಆ ಹೊತ್ತಿಗೆ ಗಟ್ಟಿಯಾಗಿ ಕಸದ ಪಾಲಾಗಿರುತ್ತವೆ. ಹೊಸವು ಬೆಂದು ಸಕ್ಕರೆ ಪಾಕ ಹೀರಲು ಮುಕ್ಕಾಲು ಗಂಟೆ ಬೇಕು. ಒಬ್ಬ ಬಸ್ ಡ್ರೈವರ್ ಮಾತ್ರ ದಿನಾ ಅದೇ ಹೊತ್ತಿಗೆ ಬಂದು ಮೂಲೆಯ ಸ್ಟೂಲಿನಲ್ಲಿ ಕಾಯುತ್ತಿದ್ದ. ಇಂಥ ಬುದ್ಧಿವಂತನನ್ನು ನಂಬಿ ಅರವತ್ತು ಜನ ಬಸ್ ಹತ್ತುತ್ತಾರಲ್ಲ ಎಂದು ಅವಳಿಗೆ ಆಶ್ಚರ್ಯ.

ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ಸೌಟು ತಿರುವುವುದನ್ನೇ ನೋಡುತ್ತಿದ್ದ. ಅವಳು ಇತ್ತ ತಿರುಗಿದರೆ ಸಾಕು, ಗೋಡೆಯ ಮೇಲಿನ ದರಪಟ್ಟಿ ಓದತೊಡಗುತ್ತಿದ್ದ. ಇಷ್ಟು ಹೊತ್ತಿಗೆ ಅದು ಬಾಯಿಪಾಠವಾಗಿರಬೇಕಿತ್ತು.

ಒಂದು ದಿನ, ಬೆಳಗಿನಿಂದ ನಿಂತು ನಿಂತು ಕಾಲು ಸೋತಿದ್ದಾಗ, ಅವನನ್ನು ನೋಡಿ ಅವಳಿಗೆ ಕನಿಕರವಾಯಿತು.

“ಐದು ಗಂಟೆಗೆ ಬನ್ನಿ. ಬಂದ ತಕ್ಷಣ ಕೈಗೆ ಕೊಡ್ತೀನಿ. ಸುಮ್ನೆ ಯಾಕೆ ಕಾಯ್ತೀರ?”

“ಹಂಗೇ ಆಗ್ಲಿ,” ಅಂದ. ಅವನ ಮುಖ ಸಪ್ಪಗಾದದ್ದನ್ನು ಗಮನಿಸುವಷ್ಟೂ ತ್ರಾಣ ಅವಳಲ್ಲಿರಲಿಲ್ಲ.

ಮರುದಿನದಿಂದ ಐದಕ್ಕೆ ಬಂದ, ಎರಡೇ ನಿಮಿಷಕ್ಕೆ ಹೋದ. ಅವಳಿಗೆ ನಾಲ್ಕರಿಂದ ಐದರವರೆಗೆ ಹೊತ್ತೇ ಹೋಗದು. ಕಾಲು ನೋವು ಮೊದಲೂ ಇತ್ತು, ಈಗ ಕ್ಷಣ ಕ್ಷಣವೂ ತಿಳಿಯುತ್ತಿತ್ತು. ಕೈಯಾರೆ ಅವನನ್ನು ಓಡಿಸಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಶನಿವಾರ ಅವನು ಬಂದಾಗ ಪಾತ್ರೆಗೆ ಮುಚ್ಚಳ ಮುಚ್ಚಿದಳು.

“ಇನ್ನೂ ಬೆಂದಿಲ್ಲ. ಕೂತ್ಕೊಳ್ಳಿ.”

“ಬಾಗಿಲ ಹತ್ರ ಆ ಅಜ್ಜಿ ಕಪ್ ಹಿಡ್ಕೊಂಡು ಗುಂಡು ಅಗೀತಾ ನಿಂತಿದಾರಲ್ಲ, ಅದೇನು ಹಂಗಾದ್ರೆ?”

ಅವಳ ಕಿವಿ ಬಿಸಿಯಾಯಿತು. “ಬೆಂದಿದೆ. ಸುಳ್ಳು ಹೇಳಿದೆ. ನೀವು ಇಲ್ಲಿ ಕೂತಿದ್ರೆ ನಂಗೆ ಸಮಾಧಾನ, ಅಷ್ಟೇ.”

ಅವನು ದರಪಟ್ಟಿಯ ಕಡೆ ನೋಡಲಿಲ್ಲ. ಬಿಸಿಲಿಗೆ ಕೆಂಪಾದ ದಣಿದ ಕಣ್ಣುಗಳು ಅವಳ ಮೇಲೇ ನಿಂತವು.

“ನನ್ನ ಕಾಟ ಸಾಕಾಗಿದೆ ಅಂದ್ಕೊಂಡೆ ಮೇಡಂ. ಈ ಟೀ ನಂಗೆ ಇಷ್ಟಾನೇ ಇಲ್ಲ, ಆ ಮುಕ್ಕಾಲು ಗಂಟೆಗೋಸ್ಕರ ಬರ್ತಿದ್ದೆ.” ಅವನ ದನಿ ಇಳಿಯಿತು. “ಬೇಜಾರಲ್ಲಿ ಬೇರೆ ರೂಟ್ ಕೇಳಿ ಹಾಕಿಸ್ಕೊಂಡ್ಬಿಟ್ಟೆ. ಸೋಮವಾರದಿಂದ ಈ ಕಡೆ ಬರೋ ಹಂಗಿಲ್ಲ. ಒಂದು ವರ್ಷ ಬದಲಾಯ್ಸೋಕೂ ಆಗಲ್ಲ.”

ಅವಳು ಒದ್ದೆ ಕೈ ಒರೆಸಿಕೊಂಡಳು. ಅಳುವುದಕ್ಕೂ ಶಕ್ತಿ ಉಳಿದಿರಲಿಲ್ಲ.

“ಹೊಸ ರೂಟಲ್ಲಿ ಬಸ್ಸು ಹೋಗಿ ಬರೋಕೆ ಎಷ್ಟು ಹೊತ್ತು?”

“ಮೂರು ಗಂಟೆ. ಯಾಕೆ?”

“ಮಂಗಳವಾರ ನಂಗೆ ರಜೆ. ನಿಮ್ಮ ಸೀಟಿನ ಹಿಂದೆ ಒಂದು ಜಾಗ ಹಿಡಿದಿಡಿ. ಇನ್ಮೇಲೆ ನಾನು ಕೂತ್ಕೋತೀನಿ, ನೀವು ಕೆಲಸ ಮಾಡಿ.”