ಉತ್ತರ ಮರೆತ ಮುಳ್ಳು

“ಏಯ್, ಅಲ್ಲೆಂಗ ಉತ್ತರ ಬರ್ತದ? ಅಲ್ಲಿ ಸೂರ್ಯ ಹುಟ್ಯಾನ!”

ಯಶೋಧರಾ ಚಿಗವ್ವ ಅಂಗೈಯಲ್ಲಿದ್ದ ಕಂಪಾಸಿಗೇ ಬೈದಳು. ಪಂಚಶೀಲಾ ಬಾಯಲ್ಲಿದ್ದ ಕೆಂಪು ಬಾಳೆಹಣ್ಣನ್ನು ಗುಳುಂ ಎಂದು ನುಂಗಿ, ಇಣುಕಿ ನೋಡಿದಳು. ಕಂಪಾಸಿನ ಮುಳ್ಳು ನಿಜಕ್ಕೂ ಸೂರ್ಯನ ಕಡೆಗೇ ಮುಖ ಮಾಡಿತ್ತು.

ಅವರು ನಿಂತಿದ್ದು ಕಮಲಾಪುರ ದಾಟಿದ ಮೇಲೆ, ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ. ಎದುರಿಗೆ ಕಪ್ಪು ಬಂಡೆಯ ಗೋಡೆ. ಅದರ ತುಂಬ ಬಿರುಕುಗಳು. ಆ ಬಿರುಕುಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ಅಳೆದರೆ, ನೆಲದೊಳಗಿನ ನೀರು ಎತ್ತ ಹರಿಯುತ್ತದೆ ಎಂದು ಗೊತ್ತಾಗುತ್ತದಂತೆ. ಚಿಗವ್ವನ ಕೆಲಸವೇ ಅದು. ಮೊದಲು ಅವಳು ಕಾರವಾರದಲ್ಲಿ ಕಡಲತೀರದ ನಕ್ಷೆ ಮಾಡುತ್ತಿದ್ದಳು. ಕಲಬುರಗಿಗೆ ಬಂದು ಆರು ತಿಂಗಳಾಗಿತ್ತು.

“ಸಂಡೇ ನಾನೂ ಬರ್ತೀನಿ” ಎಂದು ಪಂಚಶೀಲಾ ಮೂರು ವಾರ ಬೆನ್ನು ಹತ್ತಿದ್ದಳು. ಕಡೆಗೂ ಇವತ್ತು ಅವಳು ಅಸಿಸ್ಟಂಟ್! ಚಿಗವ್ವ ಅಳೆದು ಹೇಳುವುದು, ಅವಳು ನೋಟ್‌ಬುಕ್ಕಿನಲ್ಲಿ ಬರೆಯುವುದು. ಆಗಲೇ ಒಂಬತ್ತು ಬಿರುಕು ಮುಗಿದಿದ್ದವು.

“ಈ ಕಪ್ಪು ಕಲ್ಲಿನಾಗ ಕಬ್ಬಿಣದ ಅಂಶ ಇರ್ತದ. ಅದೇ ಮುಳ್ಳು ಜಗ್ಗಿರಬೇಕು” ಎಂದು ಚಿಗವ್ವ ಬಂಡೆ ಬಿಟ್ಟು ದೂರ ನಡೆದಳು. ಅಸಿಸ್ಟಂಟ್ ಹೆಗಲಚೀಲ ಕುಣಿಸುತ್ತ ಹಿಂದೆಯೇ ಓಡಿದಳು. ಊಹೂಂ, ಅಲ್ಲೂ ಅದೇ ಕತೆ. ಮುಳ್ಳು ಈಗ ರಸ್ತೆಯ ಕಡೆ ತಿರುಗಿತ್ತು.

ಜೀಪಿನ ಡ್ರೈವರ್ ದತ್ತಪ್ಪ ಕಾಕಾ ಮೆಲ್ಲಗೆ ಹತ್ತಿರ ಬಂದರು. ದಾರಿಯುದ್ದಕ್ಕೂ ಹಾಡು ಗುನುಗುತ್ತ ಬಂದವರ ಮುಖ ಸಣ್ಣಗಾಗಿತ್ತು.

“ಮೇಡಂ, ಒಂದು ಮಾತು ಹೇಳಬೇಕಿತ್ರಿ. ಮುಂಜಾನಿ ಖೂಬಾ ಪ್ಲಾಟಿನಾಗ ನಿಮ್ಮ ಮನಿ ಮುಂದ ಸಾಮಾನು ಏರಿಸೋ ಹೊತ್ತಿಗೆ, ಆ ಚೀಲ ನನ್ನ ಕೈಜಾರಿ ಬಿತ್ರಿ. ಸುತ್ತಿಗಿ, ಕಂಪಾಸ್ ಎಲ್ಲಾ ಅದರಾಗೇ ಇದ್ದವು.”

“ಆವಾಗೇ ಹೇಳಬಾರದೇನ್ರೀ ದತ್ತಪ್ಪ?”

“ಏನೂ ಆಗಿಲ್ಲ ಅಂದ್ಕೊಂಡೆ. ತಪ್ಪಾತ್ರಿ.”

ಚಿಗವ್ವ ನಿಟ್ಟುಸಿರು ಬಿಟ್ಟು, ಜೀಪಿನಲ್ಲಿಟ್ಟಿದ್ದ ಮೊಬೈಲ್ ತಂದು ಆಫೀಸಿನ ಸಾಹೇಬರಿಗೆ ಫೋನ್ ಮಾಡಿದಳು. ಸಾಹೇಬರ ದನಿ ಎಷ್ಟು ಜೋರಾಗಿತ್ತೆಂದರೆ ಎಲ್ಲರಿಗೂ ಕೇಳಿಸಿತು. “ಇನ್‌ಸ್ಟ್ರುಮೆಂಟ್ ಒಯ್ಯೋ ಗಾಡಿಗೆ ಇನ್ನ ಆತನ್ನ ಕಳಸೋದೇ ಬ್ಯಾಡ ಬಿಡ್ರಿ!”

ದತ್ತಪ್ಪ ಕಾಕಾ ತಲೆ ತಗ್ಗಿಸಿ ಜೀಪಿನ ಕಡೆ ಹೊರಟರು. ಚಿಗವ್ವ ಕಂಪಾಸನ್ನು ಒಂದು ಟವೆಲ್ ಮೇಲೆ ಇಟ್ಟು, ಫೋನ್ ಹಿಡಿದು ಅತ್ತ ಇತ್ತ ಅಡ್ಡಾಡತೊಡಗಿದಳು.

ಪಂಚಶೀಲಾ ಟವೆಲ್ ಹತ್ತಿರ ಕುಕ್ಕರಗಾಲಲ್ಲಿ ಕುಳಿತಳು. ಮುಳ್ಳು ಗರ್ರನೆ ಅವಳ ಕಡೆ ತಿರುಗಿತು. ಅವಳು ಎಡಕ್ಕೆ ಸರಿದಳು, ಮುಳ್ಳೂ ಸರಿಯಿತು. ಬಲಕ್ಕೆ ಬಂದಳು, ಅದೂ ಬಂತು. ರೊಟ್ಟಿ ಹಿಡಿದವರ ಹಿಂದೆ ನಾಯಿಮರಿ ಬರುವ ಹಾಗೆ!

ಅವಳು ತನ್ನ ಹೆಗಲಚೀಲ ಮುಟ್ಟಿ ನೋಡಿಕೊಂಡಳು.

ಚೀಲದಲ್ಲಿ ಮ್ಯಾಗ್ನೆಟ್ ಇತ್ತು. ಕ್ಲಾಸ್‌ಮೇಟ್ ಫೈಜಾನ್ ಕೊಟ್ಟಿದ್ದು. ಮೋಮಿನಪುರದಲ್ಲಿ ಅವನ ಅಬ್ಬಾ ರೇಡಿಯೋ, ಸ್ಪೀಕರ್ ರಿಪೇರಿ ಮಾಡುತ್ತಾರೆ. ಹಳೇ ಸ್ಪೀಕರಿನ ಆ ಮ್ಯಾಗ್ನೆಟ್ ಬಳೆಯಷ್ಟು ದೊಡ್ಡದು. ಕಪ್ಪು ಬಂಡೆಗೆ ಅದು ಅಂಟುತ್ತದೋ ಇಲ್ಲವೋ ನೋಡೋಣ ಎಂದು ತಂದಿದ್ದಳು.

ಜೀಪಿನಿಂದ ಇಳಿಯುವಾಗ ಚಿಗವ್ವ ಹೇಳಿಯೇ ಇದ್ದಳು. “ಮೊಬೈಲ್, ಕಬ್ಬಿಣದ್ದು ಏನಿದ್ರೂ ಗಾಡಿಯಾಗೇ ಇಡು.” ಆಗ ಪಂಚಶೀಲಾ ಟಿಫಿನ್ ಡಬ್ಬಿ ಇಟ್ಟಿದ್ದಳು, ಬಾಟ್ಲಿ ಇಟ್ಟಿದ್ದಳು. ಮ್ಯಾಗ್ನೆಟ್ ಅಂದರೆ ಕಬ್ಬಿಣ ಅಲ್ಲವಲ್ಲ ಎಂದು ಅದನ್ನು ಮಾತ್ರ ಇಟ್ಟುಕೊಂಡಿದ್ದಳು.

ಚಿಗವ್ವ ಇನ್ನೂ ಫೋನಿನಲ್ಲೇ ಇದ್ದಳು. ಯಾರೂ ಇವಳ ಕಡೆ ನೋಡುತ್ತಿರಲಿಲ್ಲ. ಪಂಚಶೀಲಾ ಎದ್ದು, ದೂರದ ಜಾಲಿಗಿಡದ ಹಿಂದೆ ಚೀಲ ಇಟ್ಟು, ಓಡಿ ಬಂದಳು. ಮುಳ್ಳು ಎರಡು ಸಲ ತೂಗಾಡಿ, ಜಾಣಮರಿಯಂತೆ ಉತ್ತರಕ್ಕೆ ನಿಂತಿತು.

“ಚಿಗವ್ವಾ, ಸರಿ ಆತು ನೋಡು! ತಾನೇ ಸರಿ ಆತು!”

ಚಿಗವ್ವ ಬಂದು ನೋಡಿದಳು. ಆದರೆ ಅವಳ ಹುಬ್ಬಿನ ಗಂಟು ಸಡಿಲಾಗಲಿಲ್ಲ. “ಒಮ್ಮೆ ಸರಿ, ಒಮ್ಮೆ ತಪ್ಪು ಅಂದ್ರ ಅದು ಇನ್ನಾ ಕೆಟ್ಟದ್ದು ಪಂಚಿ. ಇದನ್ನ ಹೆಂಗ ನಂಬೋದು? ಬಿದ್ದ ಏಟಿಗೆ ಒಳಗೇನೋ ಸಡಲಾಗ್ಯದ. ನಡಿ, ವಾಪಸ್ ಹೋಗೋಣು.”

ದತ್ತಪ್ಪ ಕಾಕಾ ಟೇಪು, ಸುತ್ತಿಗೆ ಎತ್ತಿ ಜೋಡಿಸತೊಡಗಿದರು. ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಮಲಗಿಸುವಂತೆ ಇಡುತ್ತಿದ್ದರು.

ಪಂಚಶೀಲಾ ಜೀಪಿನ ಕಡೆ ಮೂರು ಹೆಜ್ಜೆ ನಡೆದಳು. ನಿಂತಳು. ಆಮೇಲೆ ಜಾಲಿಗಿಡದ ಕಡೆ ಓಡಿದವಳು ಮ್ಯಾಗ್ನೆಟ್ ಹಿಡಿದೇ ಬಂದಳು.

“ದತ್ತಪ್ಪ ಕಾಕಾ ಕೆಡಿಸಿಲ್ಲ. ಇದು… ಇದು ನನ್ನ ಚೀಲದಾಗಿತ್ತು.”

ಅವಳು ಹತ್ತಿರ ಬಂದಂತೆ ಮುಳ್ಳು ಗಿರಗಿರನೆ ಸುತ್ತಿತು. ಚಿಗವ್ವ ಮುಳ್ಳನ್ನು ನೋಡಿದಳು, ಮ್ಯಾಗ್ನೆಟ್ ನೋಡಿದಳು, ಪಂಚಶೀಲಾಳ ಮುಖ ನೋಡಿದಳು. ಆಮೇಲೆ ಬಂಡೆಯ ಬಿರುಕುಗಳ ಕಡೆ ತಿರುಗಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪಂಚಶೀಲಾಗೆ.

“ಒಂಬತ್ತೂ ಮತ್ತ ಅಳೀಬೇಕು. ಈ ಬಿಸಲಾಗ” ಎಂದಳು ಕೊನೆಗೆ.

“ಅಳಿಯೋಣು” ಎಂದಳು ಪಂಚಶೀಲಾ, ಸಣ್ಣ ದನಿಯಲ್ಲಿ.

ದತ್ತಪ್ಪ ಕಾಕಾ ಮ್ಯಾಗ್ನೆಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅವರ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. “ಯವ್ವಾ ತಂಗಿ! ಇಷ್ಟು ದೊಡ್ಡದಾ? ನನ್ನ ಜೀಪೇ ನಿನ್ನ ಹಿಂದ ಬರ್ತಿತ್ತಲ್ಲವ್ವಾ!” ಎಂದು ಅದನ್ನು ಒಯ್ದು ಜೀಪಿನೊಳಗೆ ಇಟ್ಟು ಬಂದರು.

ಚಿಗವ್ವ ಮತ್ತೆ ಫೋನ್ ಮಾಡಿದಳು. “ಸರ್, ಕಂಪಾಸ್ ಛಲೋ ಅದರಿ. ದತ್ತಪ್ಪಂದೇನೂ ತಪ್ಪಿಲ್ಲ. ಇಲ್ಲಿ ನಮ್ಮ ಅಸಿಸ್ಟಂಟ್ ಒಬ್ಬಾಕಿ ಜರಾ ಹೊಸಬಳು ಇದ್ದಾಳ್ರಿ.”

ಪಂಚಶೀಲಾ ನೋಟ್‌ಬುಕ್ ತೆರೆದಳು. ಒಂಬತ್ತು ತಪ್ಪು ಅಂಕಿಗಳು ಸಾಲಾಗಿ ನಿಂತಿದ್ದವು. “ಈ ಹಾಳಿ ಹರದುಬಿಡ್ಲಾ ಚಿಗವ್ವ? ಚಂದಾಗಿ ಹೊಸದು ಬರೀತೀನಿ.”

“ಹರೀಬ್ಯಾಡ. ಅಂಕಿ ಮ್ಯಾಲ ಒಂದೊಂದೇ ಗೆರಿ ಎಳಿ. ಯಾಕ ತಪ್ಪಾತು ಅಂತ ಬಾಜೂಕ ಬರಿ. ಕೆಳಗ ಹೆಸರು ಬರಿ.”

“ನನ್ನ ಹೆಸರಾ?”

“ಮತ್ಯಾರದು? ಹಿಂದಿನ ಹಾಳಿ ತಿರುವಿ ನೋಡು, ಹೆಂಗ ಬರಿಯೋದು ಅಂತ ತಿಳೀತದ.”

ಪಂಚಶೀಲಾ ಹಾಳೆ ತಿರುವಿದಳು. ಕಾರವಾರದ ಪುಟಗಳು ಉಪ್ಪುನೀರು ಬಿದ್ದು ಸುಕ್ಕಾಗಿದ್ದವು. ಒಂದು ಕಡೆ ಗೆರೆ ಎಳೆದು ಬರೆದಿತ್ತು: ‘ಟೇಪ್ ತಲೆಕೆಳಗಾಗಿ ಹಿಡಿದು ಓದಿದೆ. ಯಶೋಧರಾ.’ ಇನ್ನೊಂದು ಕಡೆ: ‘ಕಡಲು ಇಳಿಯುತ್ತಿದೆ ಎಂದುಕೊಂಡು ಗೂಟ ನೆಟ್ಟೆ. ಏರುತ್ತಿತ್ತು. ಗೂಟ ಹೋಯಿತು, ಚಪ್ಪಲಿಯೂ ಹೋಯಿತು. ಯಶೋಧರಾ.’

ಪಂಚಶೀಲಾಗೆ ಕಿಸಕ್ಕನೆ ನಗು ಬಂತು. ತಲೆಯೆತ್ತಿ ನೋಡಿದರೆ, ಚಿಗವ್ವ ಬೆವರು ಒರೆಸಿಕೊಳ್ಳುತ್ತ ಮೊದಲನೇ ಬಿರುಕಿನ ಮುಂದೆ ಆಗಲೇ ನಿಂತಿದ್ದಳು. ಇಷ್ಟು ದಿನ ಅವಳಿಗೆ ಎಲ್ಲಾ ಗೊತ್ತು ಅಂದುಕೊಂಡಿದ್ದಳು ಪಂಚಶೀಲಾ.

ಅವಳು ಒಂಬತ್ತು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: ‘ನನ್ನ ಚೀಲದಲ್ಲಿ ಮ್ಯಾಗ್ನೆಟ್ ಇತ್ತು. ಪಂಚಶೀಲಾ, ಐದನೇ ಕ್ಲಾಸ್.’ ಹೆಸರು ಸಣ್ಣದಾಗಿ ಬರೆಯಬೇಕೆಂದಿದ್ದಳು. ಆದರೆ ಅದು ಉಳಿದೆಲ್ಲ ಅಕ್ಷರಗಳಷ್ಟೇ ದೊಡ್ಡದಾಗಿ ಬಂತು.

“ಬರಕೋ!” ಎಂದು ಚಿಗವ್ವ ಕೂಗಿದಳು. “ಒಂದನೇದು, ನಲವತ್ತೆರಡು ಡಿಗ್ರಿ!”

“ನಲವತ್ತೆರಡು!” ಎಂದು ಪಂಚಶೀಲಾ ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿ, ಬರೆದುಕೊಂಡಳು.