ಗುರುವಾರದ ಫೋನು

ಗುರುವಾರ ಸಂಜೆ ಆರೂವರೆಗೆ ಸರಿಯಾಗಿ ವೆಸ್ಲಿಯ ಫೋನು ರಿಂಗಾಗುತ್ತಿತ್ತು. ಮೈದಾನದಲ್ಲಿ ಮಕ್ಕಳಿಗೆ ಚೆಂಡು ಎಸೆಯುತ್ತಿದ್ದವನು ಗ್ಲೌಸನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೇಲಿಯವರೆಗೆ ನಡೆದುಹೋಗಿ, ಬೆನ್ನು ತಿರುಗಿಸಿ ನಿಂತು ಮಾತಾಡುತ್ತಿದ್ದ. ನಗು ಇತ್ತ ಕೇಳಿಸುತ್ತಿರಲಿಲ್ಲ. ಅಲುಗುವ ಭುಜ ನೋಡಿಯೇ ಲೊರೀನ್‌ಗೆ ಗೊತ್ತಾಗುತ್ತಿತ್ತು.

ಅಷ್ಟು ಹೊತ್ತೂ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಟ್ಟಿದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಕೋಚ್, ಮೊಣಕೈ ಮೇಲೆತ್ತು ಅಂತ ಐದು ಸಲ ಹೇಳಿದ್ರಿ. ಎತ್ತಿದ್ದೀನಿ. ನೀವು ನೋಡ್ತಾನೇ ಇಲ್ಲ," ಎಂದಳು ಹತ್ತು ವರ್ಷದ ಪೈಪರ್.

"ಮಾತು ಸಾಕು, ಬ್ಯಾಟ್ ಬೀಸು," ಎಂದಳು ಲೊರೀನ್.

ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ ಲೊರೀನ್‌ಗೆ ಅಂಚೆ ಕಚೇರಿಯ ಕೆಲಸ. ಹನ್ನೆರಡನೇ ವಯಸ್ಸಿನಲ್ಲಿ ಇದೇ ಮೈದಾನದಲ್ಲಿ, ಹುಡುಗರ ಬೇಸ್‌ಬಾಲ್ ತಂಡದ ಒಬ್ಬಳೇ ಹುಡುಗಿಯಾಗಿ ಆಡಿದ್ದಳು. ಈಗ ನಲವತ್ತೊಂದು, ಕೋಚ್ ಆಗಿ ಹದಿಮೂರು ವರ್ಷ. ಮದುವೆ ಮುರಿದ ವರ್ಷವೂ ಒಂದು ಪ್ರಾಕ್ಟೀಸ್ ತಪ್ಪಿಸಿರಲಿಲ್ಲ. ಮೊದಲ ತಂಡದ ಹುಡುಗರೀಗ ಬೇಕರಿ ನಡೆಸುತ್ತಾರೆ, ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾರೆ. ಎದುರಾದರೆ ಇವತ್ತಿಗೂ ಕೋಚ್ ಎಂದೇ ಕರೆಯುತ್ತಾರೆ. ಅಷ್ಟು ಸಾಕು ಅಂದುಕೊಂಡಿದ್ದಳು. ಏಪ್ರಿಲ್‌ನಲ್ಲಿ ಓಕ್ಲಹೋಮಾದಿಂದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ವೆಸ್ಲಿ, "ತಂಡಕ್ಕೆ ಸಹಾಯಕ್ಕೆ ಜನ ಬೇಕಾ?" ಎಂದು ಕೇಳಿದ. ಅಂದಿನಿಂದ ಯಾವುದೂ ಸಾಕಾಗುತ್ತಿರಲಿಲ್ಲ.

ಆ ಗುರುವಾರ ಮಕ್ಕಳು ಹೋದ ಮೇಲೆ ಅವಳು ತಡೆಯಲಾರದೆ ಅಂದೇಬಿಟ್ಟಳು. "ನಿಮ್ಮ ಗುರುವಾರದವರನ್ನ ಒಂದು ದಿನ ಮ್ಯಾಚಿಗೆ ಕರ್ಕೊಂಡು ಬನ್ನಿ. ಬೆಂಚಲ್ಲಿ ಜಾಗ ಇದೆ."

ವೆಸ್ಲಿ ಅವಳನ್ನೇ ನೋಡಿದ. ತುಟಿಯ ಒಂದು ಮೂಲೆ ಮಾತ್ರ ಮೇಲೇರಿತು. "ಆರು ಗಂಟೆ ಡ್ರೈವ್ ಇದೆ."

"ಪ್ರೀತಿ ಇದ್ರೆ ಅದೇನು ಮಹಾ ದೂರ."

"ನಾನೂ ಅದೇ ಹೇಳ್ದೆ. ಅವನ ಹೆಂಡತಿ ಬಿಡಬೇಕಲ್ಲ."

ಲೊರೀನ್ ಕೈಯಲ್ಲಿದ್ದ ಚೆಂಡಿನ ಚೀಲ ಅಲ್ಲೇ ನಿಂತಿತು. ಅವನು ಫೋನು ತೆಗೆದು ಅದೇ ನಂಬರಿಗೆ ಕರೆ ಮಾಡಿ ಸ್ಪೀಕರ್ ಹಾಕಿದ.

"ಏನು ಕೋಚ್, ಏನಾದ್ರೂ ಮರೆತ್ರಾ?" ಗಂಡು ದನಿ.

"ಡಾರ್ನೆಲ್, ನೀನು ಯಾರು ಅಂತ ಇವರಿಗೆ ಸ್ವಲ್ಪ ಹೇಳಪ್ಪ."

"ನಾನು ಓಕ್ಲಹೋಮಾದಲ್ಲಿ ಈ ಕೋಚ್ ಹತ್ರ ಆಡಿ ಹದಿನೆಂಟು ವರ್ಷ ಆಯ್ತು ಮೇಡಂ. ಚೆಂಡು ಬಂದ್ರೆ ಕಣ್ಮುಚ್ತಿದ್ದೆ. ಕೋಚ್ ಒಂದು ತಿಂಗಳು ಚೆಂಡಿನ ಬದಲು ಸಾಕ್ಸ್ ಉಂಡೆ ಮಾಡಿ ಎಸೆದ್ರು. ಈಗ ನನ್ನ ಮಗಳ ತಂಡಕ್ಕೆ ನಾನೇ ಕೋಚ್. ಅವಳೂ ಕಣ್ಮುಚ್ತಾಳೆ. ಏನು ಮಾಡ್ಲಿ ಅಂತ ವಾರವಾರ ಇವರ ತಲೆ ತಿಂತೀನಿ. ಅಂದಹಾಗೆ ನೀವು ಲೊರೀನ್ ಅಲ್ವಾ? ಅರ್ಧ ಗಂಟೆ ಮಾತಾಡಿದ್ರೆ ಇಪ್ಪತ್ತು ನಿಮಿಷ ನಿಮ್ಮ ವಿಷಯಾನೇ. ಇವರು ನಿಮಗೆ ಹೇಳಿದ್ರು ತಾನೇ?"

"ಏನನ್ನ?"

"ಕೋಚ್, ನಾನು ಇಡ್ತೀನಿ."

ವೆಸ್ಲಿಯ ಕಿವಿ ಕೆಂಪಗಾಗಿತ್ತು. ಫೋನನ್ನು ಜೇಬಿಗೆ ಹಾಕಲು ಹೋದರೆ ಅದು ಒಳಗೇ ಹೋಗುತ್ತಿಲ್ಲ.

"ಮೇ ತಿಂಗಳಲ್ಲೇ ಹೇಳೋಣ ಅಂತಿದ್ದೆ. ಆಮೇಲೆ ಜೂನಲ್ಲಿ," ಎಂದ. "ಇಡೀ ಊರೇ ನಿಮ್ಮ ಸುತ್ತ ಇದೆ. ಮಧ್ಯ ನಾನು ಎಲ್ಲಿ ನಿಲ್ಲಲಿ ಅಂತ ತೋಚಲಿಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ಮೇಷ್ಟ್ರೇ, ಚೆಂಡು ಮೇಲೆ ಹೋದಾಗ ಇಬ್ಬರು ಕೆಳಗೆ ನಿಂತಿದ್ರೆ ಮಕ್ಕಳಿಗೆ ಏನು ಹೇಳ್ಕೊಡ್ತೀವಿ?"

"ಯಾರಾದ್ರೂ ಒಬ್ರು 'ನಂದು' ಅಂತ ಕೂಗಬೇಕು. ಇಲ್ದಿದ್ರೆ ಇಬ್ರೂ ಸುಮ್ನೆ ನಿಂತು ಬಿಟ್ಬಿಡ್ತಾರೆ."

"ನಾಲ್ಕು ತಿಂಗಳಿಂದ ಇಬ್ರೂ ಸುಮ್ನೆ ನಿಂತಿದ್ವಿ."

ಅವಳು ಹತ್ತಿರ ಬಂದು, ಧೂಳು ಮೆತ್ತಿದ ಅವನ ಅಂಗಿಯ ತೋಳು ಹಿಡಿದುಕೊಂಡಳು. ಕೂಗಲಿಲ್ಲ. ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

"ನನ್ನವನು."